ನಡುವಿನ ಮುತ್ತು

ಎರಡೂ ಸರಗಳಲ್ಲಿ ತಲಾ ಐವತ್ತೇಳು ಮುತ್ತುಗಳಿದ್ದವು. ಮನಾಮಾದ ಪ್ರಯೋಗಾಲಯದ ಪರೀಕ್ಷಕಿ ನಜಾತ್ ಅವನ್ನು ಬೇರೆ ಬೇರೆ ತಟ್ಟೆಯಲ್ಲಿಟ್ಟು, ಎಣಿಸಿ, ತೂಗಿ, ಇಬ್ಬರ ಸಹಿಯನ್ನೂ ಹಾಕಿಸಿಕೊಂಡಿದ್ದಳು. ವರದಿ ಕೊಡುವ ದಿನ ಹಸ್ಸಾ ಹತ್ತು ನಿಮಿಷ ಮೊದಲೇ ಬಂದಳು. ಖಲ್ಫಾನ್ ಅವಳಿಗಿಂತಲೂ ಮೊದಲು ಬಂದು ಕೂತಿದ್ದ.

ಇಬ್ಬರಿಗೂ ತಂದೆ ಒಬ್ಬನೇ, ಮುಹರ್ರಕ್‌ನ ಮುತ್ತಿನ ವ್ಯಾಪಾರಿ ದುವೈಜ್. ತಾಯಂದಿರು ಬೇರೆ. 1972ರಲ್ಲಿ ಮೌಝಾಳನ್ನು ಎರಡನೆಯ ಹೆಂಡತಿಯಾಗಿ ತಂದ ವಾರ, ದುವೈಜ್ ಬೊಂಬಾಯಿಯಲ್ಲಿ ಪೋಣಿಸಿ ತಂದ ಎರಡು ಸರಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಒಂದೇ ದಿನ ಎರಡೂ ಮನೆಗೆ ಕೊಟ್ಟ. ಹೆಂಡತಿಯರ ನಡುವೆ ಸಮಪಾಲಿನ ವಿಷಯದಲ್ಲಿ ಅವನು ಕಟ್ಟುನಿಟ್ಟು. ಬಜಾರಿನಿಂದ ತಂದ ಮೀನನ್ನೂ ತೂಗಿಯೇ ಹಂಚುತ್ತಿದ್ದ. ಆದರೆ ಅವನ ಅಪ್ಪ ಬಿಟ್ಟುಹೋದ ಸಮುದ್ರದ ಮುತ್ತು ಒಂದು ಸರಕ್ಕೆ ಆಗುವಷ್ಟೇ ಎಂಬುದು ಊರಿಗೆಲ್ಲ ಗೊತ್ತಿತ್ತು. ಹಾಗಾಗಿ ಒಂದು ಸರ ಅಸಲಿ, ಇನ್ನೊಂದು ಜಪಾನಿನಲ್ಲಿ ಸಾಕಿ ಬೆಳೆಸಿದ್ದು ಎಂದು ಎಲ್ಲರೂ ತೀರ್ಮಾನಿಸಿದರು. ಯಾವುದು ಯಾರದು ಎಂಬುದಷ್ಟೇ ಜಗಳ.

1974ರ ಈದ್ ದಿನ ಮೌಝಾಳ ತಂಗಿ ಶರೀಫಾ ತುಂಬಿದ ಕೋಣೆಯಲ್ಲಿ, "ತರ್ಫಾಳ ಸರ ಎಷ್ಟು ಹೊಳೆಯುತ್ತೆ! ಜಪಾನಿನವರು ಕೆಲಸದಲ್ಲಿ ಗಟ್ಟಿಗರಪ್ಪ" ಎಂದಳು. ಹಸ್ಸಾಳ ತಾಯಿ ತರ್ಫಾ ಅಲ್ಲೇ ಸರ ಬಿಚ್ಚಿದಳು. ಮತ್ತೆ ಹಾಕಿಕೊಳ್ಳಲಿಲ್ಲ. ಗಂಡನನ್ನು ಕೇಳಿದಾಗಲೆಲ್ಲ ಅವನು ಹೇಳಿದ್ದು ಒಂದೇ: "ಎರಡೂ ಸಮ." ಅವನು ಸತ್ತು ಹನ್ನೆರಡು ವರ್ಷವಾಗಿತ್ತು. ಕಳೆದ ರಂಜಾನಿನಲ್ಲಿ ಮೌಝಾಳೂ ತೀರಿಕೊಂಡು, ಅವಳ ಸರ ಒಬ್ಬನೇ ಮಗ ಖಲ್ಫಾನನ ಕೈಗೆ ಬಂದಿತ್ತು.

ಈಗ ಶುಕ್ರವಾರ ಹಸ್ಸಾಳ ಮಗಳ ಮದುವೆ. ಎಂಬತ್ತೊಂದರ ತರ್ಫಾ ಹಟ ಹಿಡಿದಿದ್ದಳು: "ಅಸಲಿ ಅಂತ ಕಾಗದ ತಗೊಂಡು ಬಾ. ಸರ ಹಾಕ್ಕೊಂಡು ಬರ್ತೀನಿ. ಕಾಗದ ಇಲ್ಲ ಅಂದ್ರೆ ಮದುವೆಗೇ ಬರಲ್ಲ." ಸುದ್ದಿ ತಿಳಿದ ಖಲ್ಫಾನ್, ಎರಡು ಸರವೂ ಒಂದೇ ದಿನ ತನ್ನ ಕಣ್ಣೆದುರೇ ಪರೀಕ್ಷೆಗೆ ಹೋಗಬೇಕೆಂದು ಪಟ್ಟು ಹಿಡಿದ.

"ಬನ್ನಿ ಉಮ್ಮ್ ಜಾಸಿಂ," ಎಂದ ಖಲ್ಫಾನ್. ಅಕ್ಕ ಎಂದು ಕರೆಯುವ ಬದಲು ಅವಳ ಮಗನ ಹೆಸರು ಹಿಡಿದು 'ಜಾಸಿಂನ ತಾಯಿ' ಎಂದೇ ಕರೆಯುತ್ತಿದ್ದ. "ದಾರಿ ತಪ್ಪಿ ಜಪಾನ್ ರಾಯಭಾರಿ ಕಚೇರಿಗೆ ಹೋದ್ರೇನೋ ಅಂದ್ಕೊಂಡೆ."

"ನಿನ್ನ ಮೈಮೇಲೆ ಅಸಲಿ ಅಂತ ಉಳಿದಿರೋದು ಮೀಸೆ ಒಂದೇ ಖಲ್ಫಾನ್. ಅದಕ್ಕೂ ಬಣ್ಣ ಬಳ್ಕೊಂಡಿದ್ದೀಯ."

"ಜಗಳ ಆಡೋದಾದ್ರೆ ವರದಿ ಅಂಚೆಯಲ್ಲಿ ಬರುತ್ತೆ," ಎಂದು ನಜಾತ್ ಇಬ್ಬರನ್ನೂ ಒಳಗೆ ಕರೆದಳು.

ಪರದೆಯ ಮೇಲೆ ಎಕ್ಸ್-ರೇ ಚಿತ್ರವಿತ್ತು. "ಇದು ನೋಡಿ. ಒಳಗೆ ಈರುಳ್ಳಿ ಥರ ಸುತ್ತು. ಸಮುದ್ರದ್ದು. ಇದರಲ್ಲಿ ನಡುವೆ ಗುಂಡು, ಅದರ ಸುತ್ತ ಕಪ್ಪು ಗೆರೆ. ಸಾಕಿದ್ದು."

"ಸಾಕಿದ್ದು ಯಾರದು?" ಇಬ್ಬರೂ ಒಟ್ಟಿಗೆ ಕೇಳಿದರು.

"ಎರಡೂ ಉಮ್ಮ್ ಜಾಸಿಂ ತಂದ ಸರದ್ದೇ. ಪಕ್ಕಪಕ್ಕದವು."

ಖಲ್ಫಾನ್ ತೊಡೆ ತಟ್ಟಿಕೊಂಡು ನಕ್ಕ.

"ನಗಬೇಡಿ. ನಿಮ್ಮದೂ ಹಾಗೇ ಇದೆ."

ಒಂದು ಅಸಲಿ, ಒಂದು ಸಾಕಿದ್ದು. ಮತ್ತೆ ಒಂದು ಅಸಲಿ, ಒಂದು ಸಾಕಿದ್ದು. ಕೊನೆಯ ತನಕ ಅದೇ ಕ್ರಮ. ಹಸ್ಸಾ ತಂದ ಸರದಲ್ಲಿ ಸಮುದ್ರದವು ಇಪ್ಪತ್ತೊಂಬತ್ತು, ಖಲ್ಫಾನ್ ತಂದದ್ದರಲ್ಲಿ ಇಪ್ಪತ್ತೆಂಟು. ಕೂಡಿದರೆ ಐವತ್ತೇಳು, ಪೂರಾ ಒಂದು ಸರ. ದುವೈಜ್ ಎರಡು ಸರ ಬಿಚ್ಚಿ, ಒಂದರ ಮುತ್ತನ್ನು ಇನ್ನೊಂದರ ನಡುನಡುವೆ ಪೋಣಿಸಿದ್ದ.

"ನಮ್ಮಪ್ಪ ಹೀಗೆಲ್ಲ ಮಾಡಲ್ಲ," ಎಂದ ಖಲ್ಫಾನ್.

"ಮಾಡಿದಾರೆ. ಬಣ್ಣ, ಗಾತ್ರ ಎಲ್ಲ ಹೊಂದಿಸಿದಾರೆ. ಯಂತ್ರ ಇಲ್ಲದೆ ನನಗೂ ಗೊತ್ತಾಗ್ತಿರಲಿಲ್ಲ." ನಜಾತ್ ಮುಂದುವರಿಸಿದಳು: "ಹೀಗೇ ಇಟ್ರೆ ಎರಡಕ್ಕೂ ಬೆರಕೆ ಅಂತ ಬರೀತೀನಿ. ಸಾಕಿದ್ದು ಸೇರಿದ್ರೆ ಕಾನೂನಿನ ಪ್ರಕಾರ ಇಲ್ಲಿ ಮಾರೋ ಹಾಗೂ ಇಲ್ಲ. ಅಸಲಿಯವನ್ನ ಒಟ್ಟು ಸೇರಿಸಿದ್ರೆ ಹಳೇ ಸರ ಪೂರ್ತಿ ಆಗುತ್ತೆ. ಅದಕ್ಕೆ ಶುದ್ಧ ಅಂತ ಪ್ರಮಾಣಪತ್ರ ಕೊಡಬಹುದು."

"ನಿಮ್ಮ ಇಪ್ಪತ್ತೊಂಬತ್ತು ಇಲ್ಲಿಡಿ," ಎಂದ ಖಲ್ಫಾನ್. "ಬೆಲೆ ಹೇಳಿ."

"ನಿನ್ನ ಇಪ್ಪತ್ತೆಂಟು ಇಡು. ನೀನೇ ಹೇಳು."

"ನಮ್ಮಮ್ಮನ ಮುತ್ತು ನಿಮ್ಮಮ್ಮನ ಕೊರಳಿಗಾ? ಅದಕ್ಕಿಂತ ಸಮುದ್ರಕ್ಕೆ ಎಸೀತೀನಿ."

"ಎಸಿ. ಅರ್ಧ ಇಲ್ಲೇ ಮುಳುಗುತ್ತೆ. ಇನ್ನರ್ಧ ಜಪಾನಿಗೆ ಈಜ್ಕೊಂಡು ಹೋಗುತ್ತೆ."

ಖಲ್ಫಾನ್ ಪರದೆಯ ಹತ್ತಿರ ಬಾಗಿ ನೋಡುತ್ತಿದ್ದ. ಸರದ ತುದಿಗಳಲ್ಲಿ ಮೆಣಸಿನ ಕಾಳಿನಷ್ಟಿದ್ದ ಮುತ್ತುಗಳು ಬರಬರುತ್ತ ದೊಡ್ಡವಾಗಿ, ನಡುವೆ ಕಡಲೆಯಷ್ಟಾಗಿದ್ದವು.

"ನಡುವಿನದು?"

"ಉಮ್ಮ್ ಜಾಸಿಂ ಸರದ್ದು ಸಮುದ್ರದ್ದು. ನಿಮ್ಮದು ಸಾಕಿದ್ದು."

"ಒಂದು ಬಿಟ್ಟು ಒಂದು ಪೋಣಿಸಿದ್ರೆ ಹಾಗೇ ಬರುತ್ತೆ. ಅದರಲ್ಲೇನಿದೆ?" ಎಂದ ಖಲ್ಫಾನ್.

"ಏನಿಲ್ಲ. ಒಂದಕ್ಕೆ ಬಂದ್ರೆ ಇನ್ನೊಂದಕ್ಕೆ ಬರಲ್ಲ, ಅಷ್ಟೇ," ಎಂದಳು ನಜಾತ್.

ಖಲ್ಫಾನ್ ತನ್ನ ಪೊಟ್ಟಣ ಎತ್ತಿಕೊಂಡು ಸಲಾಂ ಕೂಡ ಹೇಳದೆ ಹೊರಟ. ವರದಿಯನ್ನು ಮೇಜಿನ ಮೇಲೇ ಬಿಟ್ಟಿದ್ದ. ನಜಾತ್ ಹಿಂದೆಯೇ ಹೋಗಿ ಕೈಗಿತ್ತು ಬಂದಳು.

ಮನೆಯಲ್ಲಿ ತರ್ಫಾ ಖಹ್ವಾ ಕಾಫಿ ಮುಂದಿಟ್ಟುಕೊಂಡು ಕಾಯುತ್ತಿದ್ದಳು. ಅವಳಿಗೆ ಓದು ಬಾರದು. 'ಶುದ್ಧ' ಎಂದೊಂದು ಮಾತು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಹಸ್ಸಾ ಒಂದಕ್ಷರವನ್ನೂ ಬಿಡದೆ ಓದಿದಳು.

"ಅರ್ಧ ಜಪಾನು," ಎಂದಳು ತರ್ಫಾ. "ನನ್ನ ಕೊರಳಿಗೆ ಅರ್ಧ ಸುಳ್ಳು ಕಟ್ಟಿ ಐದು ಹೊತ್ತೂ ನಮಾಜು ಮಾಡ್ದ, ಆ ಮನುಷ್ಯ. ಅವಳಿಗೆ?"

"ಅವಳಿಗೂ ಅರ್ಧ."

"ನಡುವಿನದು?"

"ನಿಂದು ಸಮುದ್ರದ್ದು. ಅವಳದು ಸಾಕಿದ್ದು. ಆದ್ರೆ ಯುಮ್ಮಾ, ಅದು ಪೋಣಿಸಿದ ಕ್ರಮ ಅಷ್ಟೇ. ಯಾವ ಪೊಟ್ಟಣ ಯಾರ ಕೈಗೆ ಬಂತೋ, ಅಪ್ಪನಿಗೂ ಗೊತ್ತಿತ್ತೋ ಇಲ್ವೋ."

"ಗೊತ್ತಿತ್ತು. ಇಬ್ಬರದ್ದೂ ಕಟ್ಟುವಾಗ ನಾನು ಅಲ್ಲೇ ಇದ್ದೆ. ಅವಳ ಬಟ್ಟೆಗೆ ದಾರದಿಂದ ಒಂದು ಗಂಟು ಹಾಕಿದ್ದ, ನಂದಕ್ಕೆ ಎರಡು. ಯಾಕೆ ಅಂತ ಕೇಳ್ದೆ. ದಾರ ಉಳಿದಿತ್ತು ಅಂದ." ತರ್ಫಾ ಲೋಟ ಕೆಳಗಿಟ್ಟಳು. "ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಹೇಡಿ."

ಆಮೇಲೆ ಸರವನ್ನು ಕೇಳಿ ತೆಗೆದುಕೊಂಡಳು. ಹಸ್ಸಾ ಕೊಂಡಿ ಹಾಕಿಕೊಟ್ಟಳು. ತರ್ಫಾ ಬೆರಳಿನಿಂದ ತಡವಿ ನಡುವಿನ ಮುತ್ತನ್ನು ಹುಡುಕಿ, ಅದನ್ನು ಸರಿಯಾಗಿ ಕೊರಳ ಮಧ್ಯಕ್ಕೆ ತಂದಳು.

"ಶುಕ್ರವಾರ ಶರೀಫಾ ಬರ್ತಾಳಾ?"

"ಕರೆದಿದ್ದೀವಿ. ಈಗ ಕಣ್ಣು ಮಂದ ಅವಳಿಗೆ."

"ಹಾಗಾದ್ರೆ ನನ್ನ ಪಕ್ಕದಲ್ಲೇ ಕೂರಿಸು."