ಎಡತೋಳು

ಅಕ್ಕ ಹೆಣೆಯುತ್ತಿದ್ದಳು, ತಂಗಿ ಮುಗಿಸುತ್ತಿದ್ದಳು. ಯಾರೂ ಕೂತು ಮಾಡಿದ ಏರ್ಪಾಡಲ್ಲ ಅದು, ತಾನಾಗಿಯೇ ಆಗಿಹೋದದ್ದು. ಅಕ್ಕನ ಕಡ್ಡಿಗಳ ಓಟಕ್ಕೆ ಉಣ್ಣೆಯ ಉಂಡೆ ಮಂಚದ ಕೆಳಗೆ ಇಲಿಯ ಹಾಗೆ ಓಡಾಡುತ್ತಿತ್ತು. ಬೆನ್ನು, ಎದೆ, ಎರಡು ತೋಳು ಕಡ್ಡಿಯಿಂದ ಇಳಿಯುವ ಹೊತ್ತಿಗೆ ಅವಳಿಗೆ ಆ ಸ್ವೆಟರಿನ ಮುಖ ಕಂಡರಾಗುತ್ತಿರಲಿಲ್ಲ. "ತಗೊಳ್ಳೇ, ಇನ್ನು ನೀನುಂಟು ಅದುಂಟು" ಎಂದು ನಾಲ್ಕು ತುಂಡನ್ನೂ ತಂಗಿಯ ಮಡಿಲಿಗೆ ಎಸೆದು, ಬೇರೆ ಬಣ್ಣದ ಉಂಡೆ ಹುಡುಕಲು ಏಳುತ್ತಿದ್ದಳು.

ತುಂಡುಗಳನ್ನು ಜೋಡಿಸುವುದು, ಜೋತಾಡುವ ದಾರದ ತುದಿಗಳನ್ನು ಒಳಮೈಯಲ್ಲಿ ಅಡಗಿಸುವುದು ತಂಗಿಯ ಕೆಲಸ. ಶಾಲೆ ಬಿಟ್ಟ ಮೇಲೆ ಸೇರಿದ ಉಣ್ಣೆ ಅಂಗಡಿಯಲ್ಲೂ ಅವಳಿಗೆ ಇದೇ. ಊರಿನ ಹೆಂಗಸರು ಅರ್ಧಕ್ಕೆ ಕೈಬಿಟ್ಟದ್ದೆಲ್ಲ ಚೀಲ ಚೀಲವಾಗಿ ಬಂದು ಹಿಂದಿನ ಕೋಣೆಯಲ್ಲಿ ಬೀಳುತ್ತಿತ್ತು. ಒಂದರಲ್ಲಿ ಒಂದು ತೋಳು ಇನ್ನೊಂದಕ್ಕಿಂತ ನಾಲ್ಕು ಸಾಲು ಉದ್ದ. ಇನ್ನೊಂದರ ಕುತ್ತಿಗೆಯೊಳಗೆ ತಲೆಯೇ ತೂರದು. ಪಟ್ಟೆ ಪಟ್ಟೆಯ ಸ್ವೆಟರಾದರೆ ಬಣ್ಣ ಬದಲಾದಲ್ಲೆಲ್ಲ ಎರಡೆರಡು ತುದಿ. ಅಂಗಡಿಯಲ್ಲಿ ಆ ತುದಿಗಳಿಗೆ ಬಾಲ ಎಂದೇ ಹೆಸರು. "ಇದೇನು ಸ್ವೆಟರ್ರೋ ಜರಿಹುಳಾನೋ?" ಎಂದು ಅಂಗಡಿಯಾಕೆ ಅದನ್ನು ಎರಡು ಬೆರಳಲ್ಲಿ ಎತ್ತಿ ತೋರಿಸುತ್ತಿದ್ದಳು. ತಂಗಿ ಒಂದೊಂದೇ ಬಾಲವನ್ನು ದಪ್ಪ ಕಣ್ಣಿನ ಸೂಜಿಗೆ ಪೋಣಿಸಿ ಒಳಗೆ ಕಳಿಸುತ್ತ ಕೂರುತ್ತಿದ್ದಳು. ಕತ್ತು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ಎಷ್ಟೋ ಸಲ ಎಲ್ಲವನ್ನೂ ಒಲೆಗೆ ಹಾಕಿಬಿಡೋಣ ಅನ್ನಿಸುತ್ತಿತ್ತು.

ಆದರೂ ಅವಳನ್ನು ಅಲ್ಲಿ ಹಿಡಿದಿಟ್ಟದ್ದು ಒಂದು ಗಳಿಗೆಯ ಸುಖ. ಎರಡು ಅಂಚುಗಳನ್ನು ಎದುರುಬದುರು ಇಟ್ಟು, ಆಚೆಯದೊಂದು ಈಚೆಯದೊಂದು ಎಳೆ ಎತ್ತುತ್ತ ಏಣಿಯ ಹಾಗೆ ಸಡಿಲವಾಗಿ ಗೇಣುದ್ದ ಹೊಲಿದು, ಆಮೇಲೆ ದಾರ ಎಳೆದರೆ, ಎರಡೂ ಬಾಯಿ ಮುಚ್ಚಿಕೊಂಡಂತೆ ಕೂಡಿಕೊಳ್ಳುತ್ತಿದ್ದವು. ಹೊಲಿಗೆ ಎಲ್ಲಿತ್ತೆಂದು ಬೆರಳಿಗೂ ತಿಳಿಯುತ್ತಿರಲಿಲ್ಲ. ಕೊನೆಯ ಬಾಲ ಮರೆಯಾದಾಗ ಎದೆಯೊಳಗೆ ಏನೋ ತಣ್ಣಗೆ ಕೂರುತ್ತಿತ್ತು. ಅವಳ ಬದುಕಿನಲ್ಲಿ ಅಷ್ಟು ಸಲೀಸಾಗಿ ಕೂಡಿಬಂದದ್ದು ಬೇರೇನೂ ಇರಲಿಲ್ಲ.

ಅಕ್ಕ ಮೊದಲ ಸಲ ಬಸುರಾದಾಗ "ಇನ್ಮೇಲೆ ನೀನು ಚಿಕ್ಕಿ" ಅಂದಳು. ಹುಟ್ಟಲಿರುವ ಮಗು ಕರೆಯಬೇಕಾದ ಹೆಸರನ್ನು ಮನೆಯವರೆಲ್ಲ ಮುಂಚಿತವಾಗಿ ಕರೆಯತೊಡಗಿದರು. ಭಾವ ಕರೆದ, ಕೊನೆಗೆ ಅಂಗಡಿಯಾಕೆಯೂ ಕರೆದಳು. ಆ ಮಗು ಬರಲಿಲ್ಲ. ಆಮೇಲಿನ ಎರಡೂ ಬರಲಿಲ್ಲ. ಹೆಸರು ಮಾತ್ರ ಅವಳಿಗೆ ಅಂಟಿಕೊಂಡೇ ಉಳಿಯಿತು.

ಮೂರು ಪುಟ್ಟ ಸ್ವೆಟರುಗಳು ಅಲಮಾರಿಯ ಮೇಲಿನ ಅರೆಯಲ್ಲಿದ್ದವು. ಹಳದಿ, ಹಸಿರು, ಬಿಳಿ. ಒಂದರಲ್ಲೂ ಒಂದು ಬಾಲ ಹೊರಗಿರಲಿಲ್ಲ. ವೈದ್ಯರು ಮೂರು ಸಲಕ್ಕೂ ಮೂರು ಕಾರಣ ಹೇಳಿದ್ದರು. ಅಕ್ಕ ತನ್ನದೇ ಒಂದು ಕಾರಣ ಹುಡುಕಿಕೊಂಡಿದ್ದಳು.

ನಾಲ್ಕನೆಯ ಸಲ ಬಸುರಾದಾಗ, ಯಾರ ಕಣ್ಣಿಗೂ ಬೀಳದ ಬೂದುಬಣ್ಣದ ಉಣ್ಣೆ ತರಿಸಿಕೊಂಡು, ಒಂದು ಬೆಳಿಗ್ಗೆ ಅಂದಳು:

"ಈ ಸಲ ಎಡತೋಳು ಹೊಲೀಬೇಡ ಕಣೇ."

"ಯಾಕಕ್ಕ?"

"ಮೂರು ಸಲಾನೂ ನೀನು ಕೊನೇ ಬಾಲ ಮುಚ್ಚಿದ ವಾರದಲ್ಲೇ ಹೋಗಿದ್ದು. ನನಗೆ ದಿನ ಸಮೇತ ನೆನಪಿದೆ."

ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದ ಭಾವ ತಲೆಯೆತ್ತಿದ. "ಹಂಗಾದ್ರೆ ನನ್ನ ಮಗು ಒಂಟಿ ತೋಳಲ್ಲೇ ಕಾಲ ಹಾಕ್ಬೇಕಾ?"

"ನೀವು ಸುಮ್ನಿರಿ. ಮಗು ಅತ್ತಿದ್ದು ನನ್ನ ಕಿವಿಗೆ ಬಿದ್ದ ಮೇಲೆ ಹೊಲೀತಾಳೆ."

"ನಿನ್ನ ತಂಗಿ ಕೈ ಸುಮ್ನಿರತ್ತೆ ಅಂದ್ಕೊಂಡಿದೀಯಾ? ಮೊನ್ನೆ ನನ್ನ ಟವೆಲ್ಲಿನ ಕುಚ್ಚನ್ನೆಲ್ಲಾ ಒಳಗೆ ತುರುಕಿಟ್ಟಿದಾಳೆ!"

ಅಕ್ಕ ನಗಲಿಲ್ಲ. ಚಿಕ್ಕಿಯ ಎರಡೂ ಕೈ ಹಿಡಿದುಕೊಂಡಳು. "ಆಣೆ ಮಾಡು."

ಚಿಕ್ಕಿಗೆ ಅದರಲ್ಲಿ ನಂಬಿಕೆಯಿತ್ತೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಅಕ್ಕ ಹೀಗೆ ಕೈ ಹಿಡಿದು ಬೇಡಿದ್ದು ಅದೇ ಮೊದಲು. ಆಣೆ ಮಾಡಿದಳು.

ಐದು ತಿಂಗಳು ಕಳೆಯಿತು, ಆರು ಕಳೆಯಿತು, ಏಳೂ ಕಳೆಯಿತು. ಇಷ್ಟು ದೂರ ಹಿಂದೆ ಯಾವತ್ತೂ ಬಂದಿರಲಿಲ್ಲ. ಮಗು ಒದ್ದಾಗ ಅಕ್ಕ "ಬಾ ಬಾ, ಇಲ್ಲಿ ಮುಟ್ಟು" ಎಂದು ಕೂಗುತ್ತಿದ್ದಳು. ಚಿಕ್ಕಿ ಒದ್ದೆ ಕೈಯಲ್ಲೇ ಓಡಿ ಬರುತ್ತಿದ್ದಳು.

ಎಂಟನೆಯ ತಿಂಗಳ ಒಂದು ಶುಕ್ರವಾರ ಚಿಕ್ಕಿ ಬೂದು ಸ್ವೆಟರಿನ ತುಂಡುಗಳನ್ನು ಅಂಗಡಿಗೆ ಒಯ್ದಳು. ಒದ್ದೆ ಮಾಡಿ, ಅಳತೆಗೆ ಎಳೆದು, ದಪ್ಪ ಬಟ್ಟೆಯ ಮೇಲೆ ಗುಂಡುಸೂಜಿ ಚುಚ್ಚಿ ಒಣಗಿಸಲು ಅಲ್ಲಿನ ಮೇಜೇ ಬೇಕಿತ್ತು. ಮಧ್ಯಾಹ್ನಕ್ಕೆ ಒಣಗಿತು. ಬೆನ್ನು ಎದೆ ಕೂಡಿಸಿದಳು, ಕುತ್ತಿಗೆ ಮುಗಿಸಿದಳು, ಬಲತೋಳು ಹೊಲಿದಳು. ಆಗ ಅಂಗಡಿಯಾಕೆ ಒಳಗೆ ಬಂದು ಕುರ್ಚಿ ಎಳೆದುಕೊಂಡಳು.

"ಕೇಳೇ ಚಿಕ್ಕಿ, ಆ ಟೀಚರಮ್ಮ ಬಂದಿದ್ರು. ಗಂಡನ ಸ್ವೆಟರ್ ಶುರು ಮಾಡಿ ಆರು ವರ್ಷ! ಅಷ್ಟರಲ್ಲಿ ಆ ಗಂಡನ ಹೊಟ್ಟೆ ಬಂದು ನಿಂತಿದೆ ಡ್ರಮ್ಮಿನ ಹಾಗೆ. ಈಗ ಇದನ್ನ ಏನ್ ಮಾಡ್ಲಿ ಅಂತಾರೆ. ಮಗಳಿಗೆ ಇದೇ ಅಳತೆಯ ಗಂಡು ನೋಡಿ ಅಂದೆ!"

ಚಿಕ್ಕಿ ನಕ್ಕಳು. ಅಪರೂಪಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಂಗಡಿಯಾಕೆ ಇನ್ನೂ ಏನೇನೋ ಹೇಳಿ ಎದ್ದು ಹೋದಳು. ಎದೆಯೊಳಗೆ ಆ ತಣ್ಣನೆಯ ಸುಖ ಬಂದು ಕೂತಿತು. ಅದು ಯಾಕೆ ಬಂತೆಂದು ಚಿಕ್ಕಿ ಕೆಳಗೆ ನೋಡಿದಳು.

ಎಡತೋಳು ಕೂಡಿತ್ತು. ಕೊನೆಯ ಬಾಲ ಒಳಮೈಯಲ್ಲಿ ಮರೆಯಾಗಿತ್ತು. ಕೈ ಕತ್ತರಿಯ ಕಡೆಗೆ ಚಾಚಿತ್ತು.

ಚಿಕ್ಕಿ ಕತ್ತರಿ ತಳ್ಳಿ, ಸೂಜಿಯ ಮೊನೆಯಿಂದ ಬಾಲವನ್ನು ಹೊರಗೆ ಕೆದಕಿ, ಒಂದೊಂದೇ ಎಳೆ ಬಿಚ್ಚುತ್ತ ಬಂದಳು. ಹೊಲಿದದ್ದಕ್ಕಿಂತ ಬಿಚ್ಚಲು ಹೆಚ್ಚು ಹೊತ್ತು ಹಿಡಿಯಿತು, ಅಷ್ಟು ಚೆನ್ನಾಗಿ ಹೊಲಿದಿದ್ದಳು. ತೋಳು ಮತ್ತೆ ಬೇರೆಯಾಯಿತು. ಆದರೆ ಅದರ ತುದಿಯಲ್ಲಿ ಹೊಲಿಗೆಗೆಂದು ಅಕ್ಕ ಬಿಟ್ಟಿದ್ದ ಮೊಳದುದ್ದದ ದಾರ, ಜಡೆ ಬಿಚ್ಚಿದ ಕೂದಲಿನ ಹಾಗೆ ಉದ್ದಕ್ಕೂ ಅಲೆ ಅಲೆಯಾಗಿ ನಿಂತಿತು. ಒದ್ದೆ ಮಾಡಿ ಭಾರ ಕಟ್ಟಿ ಇಳಿಬಿಟ್ಟರೆ ನೇರವಾಗುತ್ತದೆ. ನೀರಿನ ಬಟ್ಟಲಿಗೆ ಕೈ ಚಾಚಿದಳು.

"ಚಿಕ್ಕೀ! ಬಾಲ ಹಿಡ್ಕೊಂಡಿದ್ದು ಸಾಕು, ಗಿರಾಕಿ ಕಾಯ್ತಿದಾರೆ!"

ತುಂಡುಗಳನ್ನು ಚೀಲಕ್ಕೆ ತುರುಕಿ ಹೊರಗೆ ಓಡಿದಳು. ಸಂಜೆ ಮನೆಯಲ್ಲಿ ಅಕ್ಕ "ಎಲ್ಲಿಗೆ ಬಂತು?" ಅಂದಾಗ "ಎಡತೋಳು ಬಾಕಿ" ಅಂದಳು. ಅಕ್ಕ ಸಮಾಧಾನದಿಂದ ಹೊಟ್ಟೆ ಸವರಿಕೊಂಡಳು. ಅವಳೆದುರು ಆ ಚೀಲವನ್ನು ಮತ್ತೆ ತೆರೆಯಲು ಚಿಕ್ಕಿಗೆ ಧೈರ್ಯವಾಗಲಿಲ್ಲ.

ಸೋಮವಾರ ಬೆಳಿಗ್ಗೆ ಅಕ್ಕ ಒಲೆಯ ಮುಂದೆ ನಿಂತವಳು ನಿಂತೇ ಇದ್ದಳು. ಹಾಲು ಉಕ್ಕಿ ಹರಿಯುತ್ತಿತ್ತು.

"ಚಿಕ್ಕಿ, ಶನಿವಾರದಿಂದ ಇದು ಒದ್ದೇ ಇಲ್ಲ."

"ಅವತ್ತೇ ಯಾಕೆ ಹೇಳ್ಲಿಲ್ಲ ಅಕ್ಕ?"

"ಹೇಳಿದ್ರೆ ನಿಜ ಆಗ್ಬಿಡತ್ತೆ ಅನ್ನಿಸ್ತು."

ಆಸ್ಪತ್ರೆಯಲ್ಲಿ ವೈದ್ಯೆ ಹೊಟ್ಟೆಯ ಮೇಲೆ ಯಂತ್ರ ಆಡಿಸಿ, ಆಡಿಸಿ, ಪರದೆಯನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡಳು. ಮರುದಿನ ಹನ್ನೊಂದಕ್ಕೆ ಹೆರಿಗೆಯಾಯಿತು. ಗಂಡು. ಬಾಗಿಲ ಹೊರಗೆ ಗೋಡೆಗೆ ಕಿವಿ ಒತ್ತಿ ನಿಂತಿದ್ದ ಚಿಕ್ಕಿಗೆ ಟ್ರೇಯೊಂದನ್ನು ಕೆಳಗಿಟ್ಟ ಸದ್ದು ಕೇಳಿತು. ಬೇರೆ ಯಾವ ಸದ್ದೂ ಕೇಳಲಿಲ್ಲ.

"ಒಂದು ಗಂಟೆ ನಿಮ್ಮ ಹತ್ರಾನೇ ಇಟ್ಕೊಳ್ಳಿಯಮ್ಮ" ಎಂದು ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿ ಅಕ್ಕನ ಪಕ್ಕದಲ್ಲಿ ಮಲಗಿಸಿ ಹೋದಳು. ಭಾವ ಕಿಟಕಿಗೆ ಮುಖ ಮಾಡಿ ನಿಂತುಬಿಟ್ಟ. ಅಕ್ಕ ಬಹಳ ಹೊತ್ತು ಆ ಮುಖ ನೋಡಿ, ಆಮೇಲೆ ತಲೆಯೆತ್ತಿದಳು.

"ಸ್ವೆಟರ್ ತಂದಿದೀಯಾ?"

"ಹೂಂ."

"ಎಡತೋಳು ಹೊಲಿದಿಲ್ಲ ತಾನೆ?"

"ಇಲ್ಲ ಅಕ್ಕ."

ಅಕ್ಕ ಕಣ್ಣು ಮುಚ್ಚಿ ತೆರೆದಳು. "ಹಾಗಾದ್ರೆ ಅದರಿಂದ ಅಲ್ಲ. ಹೊಲಿ ಈಗ. ಚಳಿಯಾಗತ್ತೆ ಅದಕ್ಕೆ."

ಚಿಕ್ಕಿ ಕಬ್ಬಿಣದ ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿ, ಬೆಳಕಿಗೆ ಬೆನ್ನು ಮಾಡಿ ಕೂತಳು.

"ಯಾಕೆ ಆ ಕಡೆ? ಇಲ್ಲಿ ಬಾ. ಕತ್ತಲಲ್ಲಿ ಏನು ಹೊಲೀತೀಯಾ? ಕೊಡಿಲ್ಲಿ, ನಾನು ಪೋಣಿಸಿಕೊಡ್ತೀನಿ."

ಕೊಡದೆ ಇರುವುದಕ್ಕೆ ಒಂದು ನೆವವೂ ಹೊಳೆಯಲಿಲ್ಲ. ಅಕ್ಕ ತೋಳನ್ನು ಕೈಗೆ ತೆಗೆದುಕೊಂಡು ದಾರದ ಬುಡದಿಂದ ತುದಿಯವರೆಗೆ ಬೆರಳಾಡಿಸಿದಳು. ಹುಟ್ಟಿದಂದಿನಿಂದ ಕಡ್ಡಿ ಹಿಡಿದವಳ ಹಾಗಿದ್ದ ಬೆರಳುಗಳು ಅವು. ನಡುವೆ ನಿಂತವು. ದಾರವನ್ನು ಬೆಳಕಿಗೆ ಎತ್ತಿ ಹಿಡಿದಳು.

"ಇದು ಒಂದ್ಸಲ ಹೊಲಿದು ಬಿಚ್ಚಿದ ದಾರ."

ಚಿಕ್ಕಿ ಮಡಿಲಲ್ಲಿದ್ದ ಸ್ವೆಟರನ್ನು ಮಡಚತೊಡಗಿದಳು.

"ಯಾವತ್ತು?"

"ಶುಕ್ರವಾರ. ನಗ್ತಾ ಇದ್ದೆ ಅಕ್ಕ, ಕೈ ತಾನಾಗೇ... ಆಗಲೇ ಬಿಚ್ಚಿಬಿಟ್ಟೆ."

ಅಕ್ಕನ ತುಟಿಗಳು ಸದ್ದಿಲ್ಲದೆ ಆಡಿದವು. ಶುಕ್ರವಾರ. ಶನಿವಾರ.

ಭಾವ ತಿರುಗಿದ. "ಏನು? ಏನಾಯ್ತು?"

"ಏನಿಲ್ಲ" ಅಂದಳು ಅಕ್ಕ. "ದಾರ ಸುಕ್ಕಾಗಿದೆ, ಅಷ್ಟೇ."

ಭಾವ ಮತ್ತೆ ಕಿಟಕಿಯ ಕಡೆ ತಿರುಗಿದ. ಅಕ್ಕ ಆ ದಾರವನ್ನು ಬಾಯಿಗಿಟ್ಟು ಉದ್ದಕ್ಕೂ ಒದ್ದೆ ಮಾಡಿದಳು. ಎರಡು ಬೆರಳ ನಡುವೆ ಹಿಡಿದು, ಅಲೆ ಇಳಿಯುವವರೆಗೆ ಎಳೆದಳು, ಮತ್ತೆ ಎಳೆದಳು. ಸೂಜಿಗೆ ಪೋಣಿಸಿ, ಚಿಕ್ಕಿಯ ಮುಖ ನೋಡದೆ ಕೊಟ್ಟಳು.

"ಮುಗಿಸು."

ಚಿಕ್ಕಿ ಮುಗಿಸಿದಳು. ಆಚೆಯದೊಂದು, ಈಚೆಯದೊಂದು. ದಾರ ಎಳೆದಾಗ ಅಂಚುಗಳು ಎಂದಿನ ಹಾಗೆ ಬಾಯಿ ಮುಚ್ಚಿಕೊಂಡವು. ಕೊನೆಯ ಬಾಲವನ್ನು ಒಳಗೆ ಕಳಿಸಿ, ಉಳಿದದ್ದನ್ನು ಹಲ್ಲಿನಿಂದ ಕಡಿದಳು. ಇಬ್ಬರೂ ಸೇರಿ ಮಗುವಿಗೆ ತೊಡಿಸಿದರು. ತೋಳು ಉದ್ದವಾಗಿ ಬೆರಳುಗಳೆಲ್ಲ ಮುಚ್ಚಿಹೋದವು. ಅಕ್ಕ ಒಂದು ಮಡಿಕೆ ಮಡಿಸಿದಳು.

ಬಾಗಿಲಲ್ಲಿ ನರ್ಸು ಬಂದು ನಿಂತಳು. ಚಿಕ್ಕಿ ಎಡಭುಜದ ಮೇಲೆ ಬೆರಳಾಡಿಸಿ ನೋಡಿದಳು. ಹೊಲಿಗೆ ಎಲ್ಲಿದೆಯೆಂದು ಅವಳಿಗೇ ಸಿಗಲಿಲ್ಲ. ಅಕ್ಕನ ಹೆಬ್ಬೆರಳು ಮಾತ್ರ ಹುಡುಕದೆ ನೇರ ಅಲ್ಲಿಗೇ ಹೋಗಿ ನಿಂತಿತ್ತು.