ಒಂಟಿ ಪದರದ ಹಾಸು

ಮೇಣದಬತ್ತಿಯ ಉರಿ ತಾಗಿದಲ್ಲೆಲ್ಲ ಕಾರ್ಪೆಟ್ಟಿನ ಅಂಚು ಮುದುಡಿ, ಕರಗಿ, ಗಟ್ಟಿಯಾಗುತ್ತದೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಹೀಗೆ ಸುಟ್ಟರೆ ನೂಲು ಬಿಚ್ಚುವುದಿಲ್ಲ, ಅಂಚುಪಟ್ಟಿಯ ಖರ್ಚೂ ಇಲ್ಲ, ಬುದ್ಧಿವಂತೆ ಅಂದುಕೊಂಡು ಸುತ್ತಲೂ ಸುಟ್ಟೆ, ಮುಚ್ಚಳಕ್ಕೆಂದು ಕತ್ತರಿಸಿದ ಕಿಂಡಿಯ ಅಂಚನ್ನೂ ಸುಟ್ಟೆ, ತಂದು ದೋಣಿಯಲ್ಲಿ ಹಾಸಿದರೆ ಕಿಂಡಿ ಬಲಕ್ಕೆ. ನೀರೆತ್ತುವ ಪಂಪಿನ ಮುಚ್ಚಳ, ಬೇಕೆಂದಾಗ ತೆರೆಯುವಂತಿರಬೇಕಾದ್ದು, ಇರುವುದು ಎಡಕ್ಕೆ. ಹಾಸು ತಿರುಗಿಸಿ ನೋಡಿದೆ, ಎದ್ದು ಆ ಕಡೆಯಿಂದ ನೋಡಿದೆ, ಬಲಕ್ಕೇ. ಅಯ್ಯೋ, ಆಯುಷ್ಯವೆಲ್ಲ ಹೊಲಿಗೆ ಮೆಷಿನ್ನು ತುಳಿದವಳು ನಾನು — ಅದಕ್ಕೇ ಹೀಗಾಯಿತು, ಹೊಲಿಗೆ ಗೊತ್ತಿಲ್ಲದವಳಾಗಿದ್ದರೆ ಆಗುತ್ತಿರಲಿಲ್ಲ. ಬಟ್ಟೆಯನ್ನು ಎರಡಾಗಿ ಮಡಿಸುತ್ತೇವೆ, ಒಳಮೈ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತೇವೆ, ಒಂದೇ ಕತ್ತರಿಗೆ ಎಡದ ತೋಳು ಬಲದ ತೋಳು ಎರಡೂ ಬರುತ್ತವೆ, ಕಾಗದದ ಅಚ್ಚನ್ನು ಮಗುಚಬೇಕೆಂದು ಯಾರಿಗೆ ಹೊಳೆಯುತ್ತದೆ. ಇದು ಮಡಿಸುವ ವಸ್ತುವಲ್ಲ, ಒಂಟಿ ಪದರ, ಬೆನ್ನಿಗೆ ರಬ್ಬರು, ಕೈ ತನ್ನ ಪಾಡಿಗೆ ಬೆನ್ನ ಮೇಲೆ ಅಚ್ಚಿಟ್ಟು ಗೆರೆ ಎಳೆದುಬಿಟ್ಟಿತು. ಕನ್ನಡಿಯೊಳಗಿನ ದೋಣಿಗೆ ಹಾಸು ಹೊಲಿದಂತಾಯಿತು. ಬೇರೆ ತುಂಡು ತರಲು ಹೊತ್ತಿಲ್ಲ, ವಸ್ತುಪ್ರದರ್ಶನ ಮುಗಿದ ಮೇಲೆ ಕಿತ್ತು ಬಿಸಾಡಿದ್ದ ಹಸಿರು ಕಾರ್ಪೆಟ್ಟು ಇದು, ಗುಡಿಸುವವಳು ಒಯ್ಯಿ ತಾಯಿ ಅಂದಳು, ಇದ್ದದ್ದೇ ಇಷ್ಟು, ಮಗಳು ಆಗಲೇ ಮನೆಯಿಂದ ಹೊರಟಿದ್ದಾಳೆ, ಅವಳಪ್ಪನನ್ನು, ಇವರನ್ನು, ಕಾರಿನಲ್ಲಿ ಕೂರಿಸಿಕೊಂಡು.

ಬಲಕ್ಕೇ ಇವರು ಇಳಿಯುವುದು, ದೋಣಿ ನಿಲ್ಲಿಸುವ ದಕ್ಕೆಯಿರುವುದು ಆ ಬದಿಗೆ. ಪಾರ್ಶ್ವವಾಯು ಬಡಿದಂದಿನಿಂದ ಆ ಬಲಗಾಲು ನೆಲ ಹುಡುಕುತ್ತದೆ, ಗಾಳಿಯಲ್ಲಿ ತಡವರಿಸುತ್ತದೆ, ಹೆಬ್ಬೆರಳು ಕೆಳಕ್ಕೆ ಬಾಗಿ, ನೀರಿನ ಬಿಸಿ ನೋಡುವವರ ಹಾಗೆ. ಹೋದ ತಿಂಗಳು ಹಾಗೆಯೇ ತಡವರಿಸಿ ಇಲ್ಲೇ ಇಳಿಯಿತು, ಒದ್ದೆ ಫೈಬರ್ ನೆಲ, ಸೋಪು ಸವರಿದಂಥ ನೆಲ, ಎರಡು ಬೆಂಚುಗಳ ನಡುವೆ, ಕೂರುವ ಈ ತಗ್ಗಿನಲ್ಲಿ, ಇವರು ಅಂಗಾತ, ನಾನು ಗುಂಡಿಗೆ ಬಿದ್ದರು ಗುಂಡಿಗೆ ಬಿದ್ದರು ಎಂದು ಕೂಗಿಕೊಂಡೆ, ಮಲಗಿದಲ್ಲಿಂದಲೇ ಇವರು, ತೊದಲುತ್ತಾ, ಗುಂಡಿ ಅಲ್ಲ ಕಣೇ, ಕಾಕ್‌ಪಿಟ್ ಅನ್ನು. ಅದೇ ಕೊನೆಯ ತಮಾಷೆ. ಆಮೇಲೆ ಗೋಡೆ ನೋಡುತ್ತಾ ಕೂತವರು, ಒಂದು ತುತ್ತು ಬಾಯಿಗಿಟ್ಟರೆ ಸಾಕೆಂದು ತಲೆಯಾಡಿಸುವರು, ಕಷಾಯ ಕೊಟ್ಟರೂ ಸಾಕು. ಮೊನ್ನೆ ದೋಣಿಗೆ ಹೋಗೋಣವಾ ಅಂದೆ, ಒಂದು ತಟ್ಟೆ ಪೂರ್ತಿ ಉಂಡರು. ಮಗಳು ಅಡುಗೆಮನೆಗೆ ಬಂದು ತಗ್ಗಿದ ದನಿಯಲ್ಲಿ, ಅಮ್ಮಾ ಇದೊಂದ್ಸಲ, ಮತ್ತೆ ಬಿದ್ರೆ ದೋಣಿ ಮಾರ್ಬಿಡ್ತೀನಿ, ನೀನು ಅಳ್ಬಾರ್ದು, ಅಪ್ಪನೂ ಅಳ್ಬಾರ್ದು. ನಾನೇಕೆ ಅಳಲಿ ಈ ಸವತಿಗೆ, ನನ್ನ ರಜೆಗಳನ್ನೆಲ್ಲ ತಿಂದವಳು, ಮುಳುಗಿ ಹೋಗಲಿ ಎಂದು ಶಪಿಸಿದ್ದೇನೆ, ಈಗ ಅವಳಿಗೇ ಮಂಡಿಯೂರಿ ಹಾಸು ಹಾಸುತ್ತಿದ್ದೇನೆ, ತೇಲು ತಾಯಿ, ಇವರು ಉಣ್ಣಲಿ.

ಮಗುಚಿ ಹಾಸಿದರೆ? ರಬ್ಬರು ಮೇಲೆ, ಕಿಂಡಿ ಎಡಕ್ಕೆ, ಮುಚ್ಚಳಕ್ಕೆ ಸರಿಯಾಗಿ ಕೂರುತ್ತದೆ — ಬೊಗಸೆ ನೀರು ಸುರಿದು ಹಿಮ್ಮಡಿ ಉಜ್ಜಿದೆ, ಜರ್ರನೆ ಜಾರಿತು. ದೋಣಿಯನ್ನೇ ತಿರುಗಿಸಿ ದಕ್ಕೆಗೆ ಕಟ್ಟಿಸಿದರೆ? ಆಗ ಮುಚ್ಚಳದ ಮೇಲೇ ಕಾಲಿಡಬೇಕು, ಅದೂ ಬೋಳು ಫೈಬರ್. ಇನ್ನೊಂದೇ ದಾರಿ, ಎಡಕ್ಕೆ ಹೊಸ ಕಿಂಡಿ, ಬಲದ ಕಿಂಡಿಗೆ ಮೊದಲು ಅಲ್ಲಿಂದಲೇ ಕತ್ತರಿಸಿ ತೆಗೆದ ತುಂಡನ್ನೇ ಕೂರಿಸಿ ಹೊಲಿಯುವುದು. ದಕ್ಕೆಯ ಕಾವಲುಗಾರ ಬಗ್ಗಿ ನೋಡಿ, ಏನಕ್ಕಾ, ದೋಣಿಗೂ ಲಂಗ ಹೊಲೀತಿದೀರಾ? ಹೂಂ ಕಣಪ್ಪಾ, ಸೀರೆ ಉಡೋಷ್ಟು ಸೊಂಟ ಇಲ್ಲ ಇದಕ್ಕೆ, ನಗಬೇಡ, ಗೇಟಲ್ಲಿ ನಿಂತಿರು, ಕಾರು ಬಂದ್ರೆ ಕೂಗು. ಆಯ್ತಕ್ಕಾ, ಮೆಲ್ಲಗೆ ಕರ್ಕೊಂಡ್ಬರ್ತೀನಿ ಯಜಮಾನ್ರನ್ನ. ಬಾಗಿದ ಸೂಜಿ, ಹಾಯಿ ಹೊಲಿಯುವ ಮೇಣದ ದಾರ, ರಬ್ಬರಿಗೆ ಚುಚ್ಚಿದರೆ ಸೂಜಿ ಹಿಂದಕ್ಕೆ ಬರುವುದಿಲ್ಲ, ಹಲ್ಲಿನಲ್ಲಿ ಕಚ್ಚಿ ಎಳೆಯುತ್ತೇನೆ. ತುಂಡು ಚಿಕ್ಕದಾಗಿದೆ. ನಾನೇ ಸುಟ್ಟದ್ದಲ್ಲವೇ ಕಿಂಡಿಯ ಅಂಚು, ಆ ಉರಿಗೆ ಹಿಂದೆ ಸರಿದು ಕಿಂಡಿ ಅಗಲವಾಗಿದೆ, ಎಳೆದು ಹೊಲಿದರೆ ಸುಟ್ಟ ಅಂಚು ತುಟಿಯ ಹಾಗೆ ಮೇಲೇಳುತ್ತದೆ, ಗಟ್ಟಿ, ಚೂಪು, ಬ್ಲೇಡಿನಿಂದ ಹೆರೆಯುತ್ತೇನೆ, ಹೆರೆದಲ್ಲಿ ನೂಲು ಬಿಚ್ಚುತ್ತದೆ, ಬೆರಳಿಟ್ಟರೆ ಬೆರಳು ತೊಡರುತ್ತದೆ — ಇವರ ಆ ಹೆಬ್ಬೆರಳೂ ತೊಡರುತ್ತದೆ, ಕೆಳಕ್ಕೆ ಬಾಗಿದ್ದು, ಏನಕ್ಕೆ ತಗುಲಿತೆಂದು ತನಗೇ ತಿಳಿಯದ್ದು. ಜಾರಬಾರದೆಂದು ಹಾಸಿದೆ, ಎಡವುವ ಹಾಗೆ ಮಾಡಿದೆ. ಅಂಟು ಸುರಿಯಲೇ, ಬೇಡ, ಒಣಗುವುದಿಲ್ಲ, ಅಂಟಿಸಿದರೆ ಅಡಿಯಲ್ಲಿ ನೀರು ನಿಂತು ಕೊಳೆಯುತ್ತದೆ, ಎತ್ತಿ ಒಣಹಾಕುವಂತೆ ಬಿಡಿಯಾಗಿರಬೇಕು ಎಂದು ಇವರೇ ಹೇಳುತ್ತಿದ್ದರು, ಮಾತಿದ್ದಾಗ. ಇನ್ನೊಂದು ಹೊಲಿಗೆ, ಇನ್ನೊಂದು.

ಅಕ್ಕಾ, ಬಂದ್ರು! ಇಷ್ಟು ಬೇಗ ಯಾಕೆ, ಒಂದು ಬದಿ ಬಾಕಿಯಿದೆ, ದಾರ ಗಂಟಾಗಿದೆ, ದಕ್ಕೆಯ ಹಲಗೆಗಳ ಮೇಲೆ ಕೋಲಿನ ಸದ್ದು, ಕೋಲು, ಎಡಗಾಲು, ಎಳೆದುಕೊಂಡು ಬರುವ ಇನ್ನೊಂದು, ಅಪ್ಪಾ ನಿಧಾನ, ಅಪ್ಪಾ ಅಮ್ಮ ಕಾರ್ಪೆಟ್ ಹಾಕಿದಾಳೆ ನೋಡು, ಅಮ್ಮಾ ಆಯ್ತಾ? ಆಗಿಲ್ಲ ಅಂದರೆ ಹಿಂದಕ್ಕೆ ಕರೆದೊಯ್ಯುತ್ತಾಳೆ, ಗೋಡೆಯ ಎದುರಿಗೆ. ಆಯ್ತು ಕಣೇ, ಅಂದೆ. ತಲೆಯೆತ್ತಿದರೆ ಇವರ ಮುಖ, ಕ್ಷೌರ ಮಾಡಿಸಿಕೊಂಡ ಮುಖ, ಕಣ್ಣು ಇಲ್ಲೇ, ಗುಂಡಿಯಲ್ಲೇ, ಒಂದು ಕೈ ಮಗಳ ಹೆಗಲಿಗೆ, ಒಂದು ಕೈ ಕಂಬಿಗೆ, ಮಂಡಿಯೂರಿದವಳು ಏಳಲಿಲ್ಲ, ಸೂಜಿ ಕಿತ್ತು ಬಾಯಲ್ಲಿ ಕಚ್ಚಿ ಆ ಎದ್ದ ಅಂಚಿನ ಮೇಲೆ ಅಂಗೈ ಅಗಲಿಸಿ ಒತ್ತಿದೆ, ಸಪಾಟಾಯಿತು, ಒತ್ತಿರುವಷ್ಟು ಹೊತ್ತು ಸಪಾಟು, ತುಳಿಯಿರಿ, ಕೈಯ ಮೇಲೇ ತುಳಿಯಿರಿ, ಅಮ್ಮಾ ಕೈ ತೆಗಿ, ತೆಗೆಯುವುದಿಲ್ಲ, ಅಂಚು ಅಂಗೈಯನ್ನು ಚುಚ್ಚುತ್ತಿದೆ, ದೋಣಿ ಚೂರು ಅಲುಗಿತು, ಬಲಗಾಲು ದಕ್ಕೆ ಬಿಟ್ಟಿತು, ನನ್ನ ಬೆರಳುಗಳ ಮೇಲೆ ಬಂತು, ಇಳಿಯುತ್ತಿಲ್ಲ, ಹುಡುಕುತ್ತಿದೆ, ಹೆಬ್ಬೆರಳು ಕೆಳಕ್ಕೆ ಬಾಗಿ, ಗಾಳಿಯಲ್ಲಿ, ಹೆಬ್ಬೆರಳು ಕೆಳಕ್ಕೆ ಬಾಗಿ —