ಸಾಹೇಬರ ಬಟ್ಟೆ

"ಗಾಳಿಗೆ ತಂತಿ ಬಿದ್ರೆ ಕಂಪನಿ ಏನ್ ಮಾಡುತ್ತಮ್ಮ? ಬೀಳೋ ಹಾಗಿದೆ ಅಂತ ನಮಗೆ ಮೊದಲೇ ಗೊತ್ತಿತ್ತು ಅಂತ ತೋರ್ಸು ನೋಡೋಣ. ಬಟ್ಟೆ ಒಗೆಯೋಳ ಬಾಯಿಮಾತು ಸಾಕ್ಷಿಯಾ?"

ಕರೆಂಟ್ ಕಂಪನಿಯ ವಕೀಲ ಕೋರ್ಟಿನಲ್ಲಿ ಹೀಗಂದಾಗ ಎಲ್ಲರೂ ನಕ್ಕಿದ್ದರು. ಪಕ್ಕದಲ್ಲೇ ನಿಂತಿದ್ದ ಇಂಜಿನಿಯರು, ನಮ್ಮ ಬೀದಿಯ ಕಂಬಗಳೆಲ್ಲ ಯಾರ ಸುಪರ್ದಿಯಲ್ಲಿವೆಯೋ ಅದೇ ಮನುಷ್ಯ, ಕಂಬ ಗಟ್ಟಿಮುಟ್ಟಾಗಿತ್ತು ಎಂದು ಆಣೆ ಇಟ್ಟಿದ್ದ. ಅವನ ಮನೆಯ ಬಟ್ಟೆ ಒಗೆಯುವವಳು ನಾನೇ. ಹೊಟ್ಟೆ ಕೇಳಬೇಕಲ್ಲ.

ಇವತ್ತು ಜಡ್ಜ್ ಕಳಿಸಿದ ಅಧಿಕಾರಿ ಜಾಗ ನೋಡಲು ಬರುವವರಿದ್ದರು. ನಾನು ಮಗಳ ತಲೆ ಬಾಚುತ್ತಿದ್ದೆ. ತಂತಿ ಬಿದ್ದು ಅವಳ ಬಲಗೈ ಹೋದಮೇಲೆ ಜಡೆ ನನ್ನ ಪಾಲಿನ ಕೆಲಸ. ಇದ್ದಕ್ಕಿದ್ದಂತೆ ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು.

"ಅಮ್ಮಾ, ಇಂಜಿನಿಯರ್ ಸಾಹೇಬ್ರ ಬಟ್ಟೆ ಇವತ್ತು ಕಂಬದ ಕೆಳಗೇ ಹಾಕು."

"ಹುಚ್ಚೀ, ಅವತ್ತು ಅಲ್ಲಿ ಹಾಕಿ ತೂತಾಯ್ತು ಅಂತ ಶರ್ಟನ್ನ ನನ್ನ ಮುಖಕ್ಕೆ ಎಸೆದಿದ್ದು ಮರೆತ್ಯಾ? ಚರ್ಮ ಸುಲೀತಾನೆ."

"ಸುಲೀಲಿ. ಹಾಕು."

"ಚಡ್ಡೀನೂನಾ?"

"ಅದೇ ಮುಂದೆ ಇರ್ಲಿ."

ಬಾಚಣಿಗೆ ಕೈತಪ್ಪಿ ಬಿತ್ತು. ತಾಯಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಧಿಕಾರಿ ಕೊಡೆ ಹಿಡಿದ ಹೆಂಗಸು. ಹಿಂದೆ ವಕೀಲ, ಅವನ ಹಿಂದೆ ಇಂಜಿನಿಯರು. ಬೀದಿಯ ಹೆಂಗಸರು ಬಟ್ಟೆ ಒಗೆಯುವ ತೊಟ್ಟಿಗಳ ಹತ್ತಿರ ಸೆರಗು ಬಾಯಿಗಿಟ್ಟು ಕೂತಿದ್ದರು. ಗಾಳಿ ಎದ್ದಿತ್ತು. ಹಗ್ಗದ ಮೇಲೆ ಸಾಹೇಬರ ಬಿಳಿ ಶರ್ಟು ಸಾಹೇಬರಷ್ಟೇ ಹೊಟ್ಟೆ ಉಬ್ಬಿಸಿಕೊಂಡಿತ್ತು, ಪ್ಯಾಂಟು ಗಾಳಿಗೆ ಒದೆಯುತ್ತಿತ್ತು. ಕಂಬದ ತುದಿಯಲ್ಲಿ, ಬಿದ್ದ ತಂತಿಯನ್ನೇ ಮತ್ತೆ ಕಟ್ಟಿದ್ದ ಗಂಟು ಚಟಪಟ ಎಂದಿತು.

ಇಂಜಿನಿಯರು ತಲೆ ಎತ್ತಿ ನೋಡಿದ. ಮುಖ ಕೆಂಪಾಯಿತು.

"ಲೇ ದರಿದ್ರ ಮುಂಡೇದೆ, ಕಂಬದ ಕೆಳಗೆ ಹಾಕ್ಬೇಡ, ಕಿಡಿ ಬಿದ್ದು ತೂತಾಗುತ್ತೆ ಅಂತ ಬಡ್ಕೊಂಡಿರ್ಲಿಲ್ವಾ ನಿಂಗೆ?"

"ಯಾವಾಗ ಬಡ್ಕೊಂಡ್ರಿ?" ಅಧಿಕಾರಿ ಮೆಲ್ಲಗೆ ಕೇಳಿದರು.

"ಇವಳ ಮಗಳು ಕೈ ಸುಟ್ಕೊಳ್ಳೋಕೆ ಎಷ್ಟೋ ಮುಂಚೆ, ಮೇಡಂ. ಇಂಥವ್ರಿಗೆ ಹೇಳಿದ್ದು ತಲೆಗೆ..."

ವಕೀಲ ಅವನ ಕಾಲು ತುಳಿದ. ತಡವಾಗಿತ್ತು. ತೊಟ್ಟಿಗಳ ಕಡೆಯಿಂದ ನಗು ಕಟ್ಟೆ ಒಡೆದು ಬಂತು. ಒಬ್ಬಳು ಸೋಪಿನ ನೀರಿಗೇ ಜಾರಿ ಕೂತಳು. ಅಧಿಕಾರಿ ಬರೆದುಕೊಳ್ಳುತ್ತಿದ್ದರು.

"ನಿಧಾನವಾಗಿ ಬರ್ಕೊಳ್ಳಿ ಮೇಡಂ," ಎಂದಳು ಮಗಳು, "ಸಾಹೇಬ್ರ ಬಟ್ಟೆ ಒಣಗೋಕೆ ಇನ್ನೂ ಹೊತ್ತಿದೆ."

"ತೆಗೀರೇ ಅದನ್ನ," ಇಂಜಿನಿಯರು ಹಲ್ಲು ಕಡಿದ.

ಯಾರೂ ಏಳಲಿಲ್ಲ.

"ನೀವೇ ತೆಕ್ಕೊಳ್ಳಿ. ಕಂಬ ಗಟ್ಟಿಮುಟ್ಟಾಗಿತ್ತು ಅಂತ ಆಣೆ ಇಟ್ಟೋರಲ್ವಾ," ಎಂದೆ ನಾನು.

ಅವನು ಒಂದು ಹೆಜ್ಜೆ ಮುಂದಿಟ್ಟ. ಮೇಲೆ ಚಟ್ ಎಂದಿತು. ಹಿಂದೆ ಸರಿದ. ಬಿಳಿ ಶರ್ಟಿನ ಎದೆಯಲ್ಲಿ ಒಂದು ಕಪ್ಪು ಚುಕ್ಕೆ ಮೂಡಿ, ಸಣ್ಣಗೆ ಹೊಗೆಯಾಡಿತು.

ಬುಟ್ಟಿಯಲ್ಲಿ ಅವನ ಹಾಸಿಗೆಯ ಚಾದರವೊಂದು ಉಳಿದಿತ್ತು. ಮೊದಲು ಅದನ್ನು ನಾವಿಬ್ಬರೂ ನಾಲ್ಕು ಕೈಯಲ್ಲಿ ಹಿಂಡುತ್ತಿದ್ದೆವು. ಮಗಳು ಒಂದು ತುದಿಯನ್ನು ಎಡಗೈಗೆ ಸುತ್ತಿಕೊಂಡು, ಕಾಲೂರಿ, ಅವನ ಮುಂದೆಯೇ ನಿಂತಳು. ಇನ್ನೊಂದು ತುದಿ ನಾನು ಹಿಡಿದೆ.

ಮೂರು ಕೈಯಲ್ಲಿ ಹಿಂಡಿದೆವು. ನೀರೆಲ್ಲ ಅವನ ಬೂಟಿನ ಮೇಲೆ ಸುರಿಯಿತು.